ಹೊರಡಲೊಲ್ಲದ ಮೋಟಾರು

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಹಳ್ಳಿಯ ಬೀದಿಯಲ್ಲಿ ಕಾರೊಂದು ಕೆಟ್ಟು ನಿಂತಿತೆಂದರೆ ಐದು ನಿಮಿಷದೊಳಗೆ ಅದರ ಸುತ್ತ ಒಂದು ಸಭೆ ನೆರೆಯುತ್ತದೆ. ಆ ಸಭೆಗೆ ಅಧ್ಯಕ್ಷರಿರುವುದಿಲ್ಲ. ಭಾಷಣಕಾರರಿಗೆ ಮಾತ್ರ ಕೊರತೆಯಿಲ್ಲ. ‘ಬ್ಯಾಟರಿ ಇಳಿದಿದೆ’ ಎಂದೊಬ್ಬರು, ‘ಪ್ಲಗ್ಗಿಗೆ ಕರಿ ಹಿಡಿದಿದೆ’ ಎಂದಿನ್ನೊಬ್ಬರು, ‘ಏರ್‌ಲಾಕು ಸ್ವಾಮಿ, ಏರ್‌ಲಾಕು’ ಎಂದು ಮತ್ತೊಬ್ಬರು. ಕಾರು ಹಳೆಯದಾಗಿದ್ದರೆ ಇವರೆಲ್ಲರೂ ಕೊನೆಗೆ ಒಮ್ಮತದಿಂದ ಅಪರಾಧವನ್ನು ಹೊರಿಸುವುದು ಪೆಟ್ರೋಲ್ ಪಂಪಿನ ಮೇಲೆ. ನಾನು ಹೇಳುತ್ತಿರುವುದು ಬಂಕಿನ ಪಂಪಲ್ಲ. ಕಾರಿನ ಒಡಲಲ್ಲೇ ಇದ್ದು, ಟ್ಯಾಂಕಿನ ಪೆಟ್ರೋಲನ್ನು ಎಳೆದು ಎಂಜಿನ್ನಿಗೆ ಉಣಿಸುವ, ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಪಂಪು. ಅದರ ಪರವಾಗಿ ನಾಲ್ಕು ಮಾತನಾಡಬೇಕೆಂಬುದು ನನ್ನ ಇಂದಿನ ಉದ್ದೇಶ. ಹಳೆಗನ್ನಡ ಪಾಠ ಹೇಳಿದವನಿಗೂ ಪೆಟ್ರೋಲಿಗೂ ಏನು ನಂಟೆಂದು ಕೇಳುಗರು ಹುಬ್ಬೇರಿಸಬಹುದು. ನಂಟು ಇದೆ, ಅದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ. ಹಿಪ್ಪುನೇರಳೆ ಬೆಳೆಯುವವರು, ರೇಷ್ಮೆಹುಳು ಸಾಕುವವರು. ಅವರ ತಂದೆ ಸುತ್ತಲ ಹಳ್ಳಿಗಳಿಗೆ ವೈದ್ಯರಾಗಿದ್ದರು. ವೈದ್ಯರು ಬಿಟ್ಟುಹೋದ ಆಸ್ತಿಯಲ್ಲಿ 1953ರ ಒಂದು ಮಾರಿಸ್ ಮೈನರ್ ಕಾರೂ ಸೇರಿತ್ತು. ಹೆರಿಗೆಗೆಂದು, ಹಾವು ಕಡಿದವರಿಗೆಂದು, ಅಪರಾತ್ರಿಯಲ್ಲಿ ಎದ್ದು ಹೊರಟ ಕಾರು ಅದು. ಆ ಕಾರಿನ ದೀಪ ಕಂಡರೆ ಹಳ್ಳಿಯ ನಾಯಿಗಳು ಕೂಡ ಬೊಗಳುತ್ತಿರಲಿಲ್ಲವೆಂದು ಹಿರಿಯರು ಹೇಳುತ್ತಾರೆ. ನಾಯಿಗಳ ವಿಷಯ ಎಷ್ಟು ದಿಟವೋ ಕಾಣೆ. ವೈದ್ಯರ ಪತ್ನಿ, ಎಂಬತ್ತು ದಾಟಿದವರು, ಈಗಲೂ ಸಾದಲಮ್ಮನ ಗುಡಿಗೆ ಹೋಗುವುದಾದರೆ ಆ ಕಾರಿನಲ್ಲೇ. ಮಗನ ಬಳಿ ಹೊಸ ಕಾರಿದೆ. ‘ಅದರಲ್ಲಿ ನೀನು ಹೋಗಪ್ಪ’ ಎನ್ನುತ್ತಾರೆ.

ಎರಡು ವರ್ಷದಿಂದ ಈ ಕಾರಿಗೆ ಎರಡು ಕಾಯಿಲೆ. ಬೆಳಗ್ಗೆ ತಣ್ಣಗಿರುವಾಗ ಸುಲಭಕ್ಕೆ ಹೊತ್ತಿಕೊಳ್ಳದು. ಹೊತ್ತಿಕೊಂಡು ಹೊರಟರೂ ಏಳೆಂಟು ಕಿಲೋಮೀಟರು ಹೋಗುವಷ್ಟರಲ್ಲಿ ಏದುಸಿರು ಬಿಟ್ಟು ನಿಂತುಬಿಡುವುದು. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಮೂರು ವರ್ಕ್‌ಶಾಪು ಕಂಡಿತು. ಪಂಪು ಬದಲಾಯಿತು, ಬದಲಾದದ್ದು ಮತ್ತೆ ಬದಲಾಯಿತು. ಖರ್ಚಿನ ಲೆಕ್ಕ ನೋಡಿದ ಮಿತ್ರರು ಗುಜರಿಯವನಿಗೆ ಹೇಳಿಕಳುಹಿಸಿದರು. ತಾಯಿಗೆ ಮಾತ್ರ ಹೇಳಿರಲಿಲ್ಲ. ಆ ಸಂದರ್ಭದಲ್ಲಿ ನನಗೆ ಕರೆ ಬಂತು: ‘ಮೇಷ್ಟ್ರೇ, ಕೊನೆಯದಾಗಿ ಒಂದು ಸಲ ನೋಡಿಬಿಡಿ.’ ಇಂಥ ಕಾರೊಂದನ್ನು ಬಹುಕಾಲ ಓಡಿಸಿದವನು ನಾನೆಂಬುದಷ್ಟೇ ನನ್ನ ಅರ್ಹತೆ. ಆದಕಾರಣ ನಿಜವಾದ ಅರ್ಹತೆಯುಳ್ಳವರನ್ನು ಜೊತೆಗೆ ಕರೆದುಕೊಂಡು ಹೋದೆ. ಅವರು ಚಿಂತಾಮಣಿಯ ಒಬ್ಬ ಹಿರಿಯ ಮೆಕ್ಯಾನಿಕ್. ಎಲ್ಲರೂ ಅವರನ್ನು ಕರೆಯುವುದು ‘ಭಾಯಿ’ ಎಂದೇ. ಕಣ್ಣು ಮಂಜಾಗಿ ಕೆಲಸ ಬಿಟ್ಟು ಬಹಳ ವರ್ಷವಾಯಿತು. ಕಿವಿ ಮಾತ್ರ ಇನ್ನೂ ಚುರುಕು.

ಮಾರಿಸ್ ಮೈನರ್ ಕಾರನ್ನು ರೂಪಿಸಿದವನು ಅಲೆಕ್ ಇಸಿಗೋನಿಸ್. ಅದು ಇಂಗ್ಲೆಂಡಿನಲ್ಲಿ 1948ರಲ್ಲಿ ಹೊರಬಂದು 1971ರವರೆಗೆ ತಯಾರಾಯಿತು. ಒಟ್ಟು ಸಂಖ್ಯೆ ಹದಿನಾರು ಲಕ್ಷವನ್ನು ದಾಟಿತು. ಅದರ ಆರಂಭದ ರೂಪವನ್ನು ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ‘ಬೇಬಿ ಹಿಂದೂಸ್ತಾನ್’ ಎಂಬ ಮುದ್ದಿನ ಹೆಸರಿನಲ್ಲಿ ಮಾರಿತು. ವೈದ್ಯರು, ವಕೀಲರು, ಕಾಲೇಜಿನ ಅಧ್ಯಾಪಕರು, ಇವರ ಅಂತಸ್ತಿಗೆ ಹೊಂದಿದ ಗಾಡಿ. ಸಾದಲಿಯ ಕಾರಿನದು 803 ಸಿ.ಸಿ.ಯ ಎಂಜಿನ್. ಇಂದಿನ ದೊಡ್ಡ ಮೋಟಾರ್‌ಸೈಕಲ್ಲುಗಳ ಮುಂದೆ ಅದು ಏನೂ ಅಲ್ಲ.

ಎಂಜಿನ್ ಹೊತ್ತಿಕೊಳ್ಳಬೇಕಾದರೆ ಬೇಕಾಗುವುದು ಮೂರೇ ಪದಾರ್ಥ: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ತಕ್ಕ ಸಮಯಕ್ಕೆ ಹಾರುವ ಕಿಡಿ, ಆ ಮಿಶ್ರಣವನ್ನು ಅದುಮಿ ಹಿಡಿಯುವ ಒತ್ತಡ. ಬಿಸಿಯೇರಿದ ಎಂಜಿನ್ನಿಗೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಸಾಕು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಪೂರ್ತಿಯಾಗಿ ಆವಿಯಾಗದೆ ಗೋಡೆಗಳಿಗೆ ಅಂಟಿಕೊಳ್ಳುವುದರಿಂದ ಅದಕ್ಕೆ ಹೆಚ್ಚು ಪೆಟ್ರೋಲು ಬೇಕು. ಚೋಕ್ ಎಂಬ ಗುಬ್ಬಿಯನ್ನು ಎಳೆಯುವುದು ಇದಕ್ಕಾಗಿಯೇ. ಹೀಗೆ ಮುಂಜಾನೆಯ ಹಟಕ್ಕೂ ನಡುದಾರಿಯ ಹಟಕ್ಕೂ ಕಾರಣಗಳು ಬೇರೆಬೇರೆ. ಎರಡಕ್ಕೂ ಒಂದೇ ಮದ್ದು ಕೊಡಹೊರಡುವುದೇ ಇಂಥ ಕಾರುಗಳನ್ನು ಗುಜರಿಗೆ ಕಳುಹಿಸುವ ಮೊದಲ ಹೆಜ್ಜೆ.

ಮಾರಿಸ್ ಮೈನರಿನ ಪಂಪು ವಿದ್ಯುತ್ತಿನಿಂದ ನಡೆಯುವಂಥದು, ‘ಎಸ್.ಯು.’ ಎಂದು ಅದರ ಹೆಸರು. ಒಳಗೆ ಒಂದು ವಿದ್ಯುತ್ಕಾಂತ, ಒಂದು ಸ್ಪ್ರಿಂಗು, ರಬ್ಬರು ಲೇಪಿಸಿದ ಬಟ್ಟೆಯ ಒಂದು ಪೊರೆ, ಎರಡು ಕವಾಟ. ಪೊರೆಯನ್ನು ಮೆಕ್ಯಾನಿಕ್ಕುಗಳು ಡಯಾಫ್ರಂ ಎನ್ನುತ್ತಾರೆ. ಕಾಂತವು ಪೊರೆಯನ್ನು ಹಿಂದಕ್ಕೆಳೆದಾಗ ಟ್ಯಾಂಕಿನಿಂದ ಪೆಟ್ರೋಲು ಬರುತ್ತದೆ. ಎಳೆತದ ಕೊನೆಗೆ ಪಾಯಿಂಟುಗಳು ಬಿಟ್ಟುಕೊಂಡು ವಿದ್ಯುತ್ತು ಕಡಿಯುತ್ತದೆ. ಆಗ ಸ್ಪ್ರಿಂಗು ಪೊರೆಯನ್ನು ಮುಂದಕ್ಕೆ ತಳ್ಳಿ ಪೆಟ್ರೋಲನ್ನು ಕಾರ್ಬುರೇಟರಿಗೆ ಕಳುಹಿಸುತ್ತದೆ. ಪಾಯಿಂಟುಗಳು ಮತ್ತೆ ಕೂಡುತ್ತವೆ. ಪ್ರತಿಯೊಂದು ಸಲವೂ ಒಂದು ‘ಟಿಕ್’. ಕೀಲಿ ತಿರುಗಿಸಿದೊಡನೆ ಲಗುಬಗೆಯ ಟಿಕ್ ಟಿಕ್, ಕಾರ್ಬುರೇಟರಿನ ಬಟ್ಟಲು ತುಂಬುತ್ತ ಬಂದಂತೆ ವಿಳಂಬ, ತುಂಬಿದ ಮೇಲೆ ಮೌನ. ಆರೋಗ್ಯವಂತ ಪಂಪಿನ ನಡೆ ಇದು.

ಪಂಪು ಮಾತನಾಡುತ್ತದೆ, ಸುತ್ತ ನೆರೆದ ಸಭೆಯ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ. ಟಿಕ್ ಟಿಕ್ ನಿಲ್ಲದೆ ಭರದಿಂದ ಓಡುತ್ತಿದ್ದರೆ ಪಂಪು ಎಳೆಯುತ್ತಿರುವುದು ಪೆಟ್ರೋಲನ್ನಲ್ಲ, ಗಾಳಿಯನ್ನೋ ಆವಿಯನ್ನೋ. ಟ್ಯಾಂಕು ಬರಿದಾಗಿರಬಹುದು, ಪೈಪಿನ ಕೀಲು ಸಡಿಲವಾಗಿರಬಹುದು, ಇಲ್ಲವೆ ಮುಂದೆ ಎಲ್ಲೋ ಸೋರುತ್ತಿರಬಹುದು. ಟಿಕ್ಕಿಗೂ ಟಿಕ್ಕಿಗೂ ನಡುವೆ ದೀರ್ಘವಾದ, ಪ್ರಯಾಸದ ಅಂತರವಿದ್ದರೆ ದಾರಿಯಲ್ಲಿ ಅಡಚಣೆಯಿದೆ. ಕೀಲಿ ತಿರುಗಿಸಿದರೂ ಮಾತಿಲ್ಲ, ಬಟ್ಟಲಲ್ಲಿ ಪೆಟ್ರೋಲೂ ಇಲ್ಲ ಎಂದಾದರೆ ಮಾತ್ರ ಪಾಯಿಂಟು ಕಿಲುಬು ಹಿಡಿದಿದೆ, ಇಲ್ಲವೆ ತಂತಿ ಕಡಿದಿದೆ ಎಂದು ಪಂಪನ್ನು ಶಂಕಿಸಬೇಕು. ಆಗ ಪಾನದ ಹಿಡಿಯಿಂದ ಮೆಲ್ಲನೆ ಒಂದು ಏಟು ಕೊಟ್ಟರೆ ಅಂಟಿಕೊಂಡ ಪಾಯಿಂಟು ಬಿಟ್ಟುಕೊಂಡು ಕಾರು ಮನೆಯವರೆಗೆ ಬರುತ್ತದೆ. ಮನೆಗೆ ಬಂದಮೇಲೆ ಪಾಯಿಂಟನ್ನು ಉಜ್ಜಿ ಶುಚಿಮಾಡುವುದೇ ಸರಿಯಾದ ಚಿಕಿತ್ಸೆ. ಏಟಿನಿಂದಲೇ ಸಂಸಾರ ಸಾಗಿಸುವವರೂ ಉಂಟು.

ನನ್ನ ವೃತ್ತಿಯ ಮಾತು ಬರುವುದು ಇಲ್ಲಿಯೇ. ಓಲೆಗರಿಯ ಒಂದು ಕಾವ್ಯವನ್ನು ಸಂಪಾದಿಸಲು ಕುಳಿತವನು ಅರ್ಥವಾಗದ ಕಡೆಯಲ್ಲೆಲ್ಲ ತನ್ನ ಊಹೆಯ ಪಾಠವನ್ನು ಕೂರಿಸುತ್ತ ಹೋಗುವಂತಿಲ್ಲ. ಮೊದಲು ಪ್ರತಿಗಳನ್ನು ಹೋಲಿಸಿ, ಯಾವುದು ಕವಿಯ ಪಾಠ, ಯಾವುದು ಲಿಪಿಕಾರನ ತಿದ್ದುಪಡಿ ಎಂದು ಬೇರ್ಪಡಿಸಬೇಕು. ಕವಿಯ ತಪ್ಪಿಗಿಂತ ತಿದ್ದಿದವರ ಉಪಕಾರವೇ ಅನೇಕ ವೇಳೆ ಹೆಚ್ಚು ತೊಂದರೆ ಕೊಡುತ್ತದೆ. ಎಪ್ಪತ್ತು ವರ್ಷ ದಾಟಿದ ಕಾರು ಹಲವು ಲಿಪಿಕಾರರ ಕೈ ದಾಟಿ ಬಂದ ಪ್ರತಿ. ಅದನ್ನು ಕಟ್ಟಿದವನು ಇಟ್ಟದ್ದೇನು, ನಡುವೆ ಸೇರಿದ ಪ್ರಕ್ಷಿಪ್ತವೇನು ಎಂದು ಗೊತ್ತಾಗದೆ ಹೊಸ ಸಾಮಾನು ಹಾಕುವುದೆಂದರೆ ಇನ್ನೊಂದು ತಿದ್ದುಪಡಿಯನ್ನು ಕೂಡಿಸಿದಂತೆ.

ಸಾದಲಿಯ ಕಾರಿನಲ್ಲಿ ಇಂಥ ತಿದ್ದುಪಡಿಗಳು ಹೇರಳವಾಗಿದ್ದವು. ಮಾರಿಸ್ ಮೈನರಿನಲ್ಲಿ ಬ್ಯಾಟರಿಯ ಧನ ಧ್ರುವವನ್ನು ಕಾರಿನ ದೇಹಕ್ಕೆ ಜೋಡಿಸುವುದು ಮೂಲ ಪದ್ಧತಿ. ಇಂದಿನ ಕಾರುಗಳಲ್ಲಿ ಋಣ ಧ್ರುವ. ಹಳೆಯ ಪಾಯಿಂಟಿನ ಪಂಪಿಗೆ ಎರಡೂ ಒಂದೇ, ಹೇಗೆ ಕೊಟ್ಟರೂ ನಡೆಯುತ್ತದೆ. ಆದರೆ ಒಂದು ವರ್ಕ್‌ಶಾಪಿನಲ್ಲಿ ಹಳೆಯದನ್ನು ಬಿಚ್ಚಿ ಎಲೆಕ್ಟ್ರಾನಿಕ್ ಬಗೆಯದನ್ನು ಹಾಕಿದ್ದರು. ಧ್ರುವ ಅದಲುಬದಲಾದರೆ ಅದು ತಾಳದು. ಹಾಕಿದ ದಿನವೇ ಸುಟ್ಟಿತು. ‘ಹಳೇ ಕಾರು ಸಾರ್, ಪಂಪು ನಿಲ್ಲೋದಿಲ್ಲ’ ಎಂಬ ಕೀರ್ತಿ ಬಂದದ್ದು ಅಲ್ಲಿಂದ. ಆಮೇಲೆ ಪಾಯಿಂಟಿನ ಪಂಪೇ ಹೊಸದೊಂದು ಬಂದು ಕೂತಿತು. ಇನ್ನೊಂದು ವರ್ಕ್‌ಶಾಪಿನ ತರುಣನೊಬ್ಬ ಕಾರ್ಬುರೇಟರಿನ ಬಾಯಲ್ಲಿ ಇಣುಕಿ, ‘ಇದರಲ್ಲಿ ಚೋಕಿನ ಮುಚ್ಚಳವೇ ಇಲ್ಲ, ಯಾರೋ ಕಿತ್ತಿದ್ದಾರೆ’ ಎಂದಿದ್ದನಂತೆ. ಯಾರೂ ಕಿತ್ತಿರಲಿಲ್ಲ. ಎಸ್.ಯು. ಕಾರ್ಬುರೇಟರಿನಲ್ಲಿ ಅಂಥ ಮುಚ್ಚಳ ಇರುವುದೇ ಇಲ್ಲ. ಗುಬ್ಬಿ ಎಳೆದರೆ ಕೆಳಗಿರುವ ಜೆಟ್ಟು ಇಳಿದು ಪೆಟ್ರೋಲಿಗೆ ಅಗಲವಾದ ದಾರಿ ಬಿಡುತ್ತದೆ, ಅಷ್ಟೆ. ತರುಣನನ್ನು ದೂರಲಾರೆ. ಅವನು ಹುಟ್ಟುವ ಮೊದಲೇ ಅಂಥ ಕಾರ್ಬುರೇಟರು ಬೀದಿಯಿಂದ ಮರೆಯಾಗಿತ್ತು.

ಭಾಯಿ ಏನನ್ನೂ ಬಿಚ್ಚಲಿಲ್ಲ. ‘ಓಡಿಸಿ, ನಿಲ್ಲಲಿ’ ಎಂದರು. ಶಿಡ್ಲಘಟ್ಟದ ಕಡೆಗೆ ಹೊರಟೆವು. ನಿರೀಕ್ಷೆಯಂತೆ ದಾರಿಯಲ್ಲಿ ಕಾರು ತೊದಲಿ, ಬಿಕ್ಕಿ, ನಿಂತಿತು. ಬಾನೆಟ್ ಎತ್ತಿ, ಕೀಲಿಯನ್ನು ತಿರುಗಿಸಿಯೇ ಇಡಲು ಹೇಳಿ, ಅವರು ತಲೆ ವಾಲಿಸಿ ನಿಂತರು. ಟಿಕ್... ಬಹಳ ಹೊತ್ತು ಬಿಟ್ಟು ಇನ್ನೊಂದು ಟಿಕ್. ‘ಏರ್‌ಲಾಕಾಗಿದ್ದರೆ ಇದು ಕುದುರೆ ಓಡಿದ ಹಾಗೆ ಓಡಬೇಕಿತ್ತು ಸಾರ್. ಇದಕ್ಕೆ ಉಸಿರು ಕಟ್ಟಿದೆ’ ಎಂದವರೇ ಕಾರಿನ ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದರು. ಬೀಗದ ಮುಚ್ಚಳ. ಬೀಗ ತೆಗೆದು ತಿರುಗಿಸಿದ ಕೂಡಲೇ ‘ಹುಸ್ಸ್’ ಎಂದು ಗಾಳಿ ಒಳಕ್ಕೆ ನುಗ್ಗಿದ ಸದ್ದು ನಮಗೆಲ್ಲ ಕೇಳಿಸಿತು. ಮುಂದುಗಡೆ ಪಂಪು ಟಿಕ್ ಟಿಕ್ ಟಿಕ್ ಎಂದು ಮಾತಿಗೆ ತೊಡಗಿತು.

ಆದದ್ದು ಇಷ್ಟು. ಟ್ಯಾಂಕಿನಿಂದ ಪೆಟ್ರೋಲು ಹೊರಹೋದಷ್ಟೂ ಜಾಗಕ್ಕೆ ಗಾಳಿ ಒಳಬರಬೇಕು. ಮೂಲ ಮುಚ್ಚಳದಲ್ಲಿ ಅದಕ್ಕೆಂದೇ ಸೂಕ್ಷ್ಮವಾದ ದಾರಿ ಇರುತ್ತದೆ. ಪೆಟ್ರೋಲು ಕಳುವಾಗುವ ಭಯಕ್ಕೆ ಯಾರೋ ಬೇರೆ ಯಾವುದೋ ಗಾಡಿಯ ಬೀಗದ ಮುಚ್ಚಳ ತಂದು ಹಾಕಿದ್ದರು; ಅದಕ್ಕೆ ಉಸಿರಾಡುವ ರಂಧ್ರವಿರಲಿಲ್ಲ. ಕೆಲವು ಕಿಲೋಮೀಟರು ಓಡುವಷ್ಟರಲ್ಲಿ ಟ್ಯಾಂಕಿನೊಳಗೆ ನಿರ್ವಾತ ಬಲಿತು ಪಂಪಿನ ಎಳೆತವನ್ನು ಮೀರುತ್ತಿತ್ತು. ಅರ್ಧ ಗಂಟೆ ನಿಂತರೆ ವಾಷರಿನ ಸಂದಿಯಿಂದ ಗಾಳಿ ನಿಧಾನವಾಗಿ ಸೇರಿ ಕಾರು ಗುಣವಾದಂತೆ ತೋರುತ್ತಿತ್ತು. ಎಂಜಿನ್ ತಣ್ಣಗಾಗಿದ್ದರಿಂದ ಹೊರಟಿತೆಂದು ಎಲ್ಲರೂ ನಂಬಿದ್ದರು. ಕಾಲ ಕಳೆದದ್ದು ದಿಟ. ತಣ್ಣಗಾದದ್ದೇ ಕಾರಣವೆಂದದ್ದು ಊಹೆ.

ಬೆಳಗಿನ ಕಾಯಿಲೆ ಬೇರೆಯದು. ಮಾರನೆಯ ಮುಂಜಾನೆ ಹೆಡ್‌ಲೈಟು ಹಾಕಿ ಸೆಲ್ಫ್ ಎಳೆದು ನೋಡಿದೆವು. ದೀಪ ಆರಿದಂತಾಯಿತು, ಎಂಜಿನ್ ಎರಡು ಸುತ್ತು ನರಳಿ ಸುಮ್ಮನಾಯಿತು. ಬ್ಯಾಟರಿ ಹೊಸದೇ. ಬ್ಯಾಟರಿಯಿಂದ ಕಾರಿನ ದೇಹಕ್ಕೆ ಹೋಗುವ ದಪ್ಪ ಪಟ್ಟಿಯನ್ನು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ವಿದ್ಯುತ್ತು ಹರಿಯಬೇಕಾದಲ್ಲಿ ತುಕ್ಕು ಅಡ್ಡ ನಿಂತರೆ ಅದು ಬಿಸಿಯಾಗಿ ವ್ಯರ್ಥವಾಗುತ್ತದೆ. ಸೆಲ್ಫೇ ಇದ್ದುದನ್ನೆಲ್ಲ ಕುಡಿದುಬಿಟ್ಟರೆ ಕಾಯಿಲ್ಲಿಗೆ ಉಳಿಯುವುದು ಬಡ ಕಿಡಿ. ಪಟ್ಟಿಯ ಎರಡು ತುದಿಗಳನ್ನೂ ತಂತಿಬ್ರಷ್ಷಿನಿಂದ ಉಜ್ಜಿ ಬಿಗಿದದ್ದಾಯಿತು. ಚೋಕಿನ ಕೇಬಲ್ಲೂ ಸಡಿಲವಾಗಿ, ಗುಬ್ಬಿ ಪೂರ್ತಿ ಹೊರಬಂದರೂ ಜೆಟ್ಟು ಇಳಿಯುತ್ತಿರಲಿಲ್ಲ. ಅದನ್ನೂ ಎಳೆದು ಕಟ್ಟಲಾಯಿತು. ಸಾಮಾನಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಗುಜರಿಯವನು ಬಂದ ದಿನ ವೈದ್ಯರ ಪತ್ನಿಯೇ ಅವನಿಗೆ ಕಾಫಿ ಕೊಟ್ಟು ಕಳುಹಿಸಿದರಂತೆ. ಅವನು ಬಂದದ್ದೇಕೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲವೆಂದು ಮಗ ನಂಬಿದ್ದಾರೆ. ನನಗೆ ಅಷ್ಟು ನಂಬಿಕೆಯಿಲ್ಲ.

ಫಿಯಟ್ ಮೊದಲಾದ ಹಳೆಯ ಕಾರುಗಳನ್ನು ಉಳಿಸಿಕೊಂಡವರಿಗೂ ಒಂದು ಮಾತು ಹೇಳಬೇಕು. ಇಂಥ ಅನೇಕ ಕಾರುಗಳ ಪಂಪು ವಿದ್ಯುತ್ತಿನದಲ್ಲ. ಎಂಜಿನ್ನಿನ ಪಕ್ಕದಲ್ಲೇ ಕೂತು, ಕ್ಯಾಮ್‌ಶಾಫ್ಟು ಒಂದು ಸನ್ನೆಯನ್ನು ಎತ್ತಿಳಿಸುವುದರಿಂದ ನಡೆಯುವ ಯಾಂತ್ರಿಕ ಪಂಪು. ಎಂಜಿನ್ ತಿರುಗಿದರೆ ಮಾತ್ರ ಅದಕ್ಕೆ ಕೆಲಸ. ಹದಿನೈದು ದಿನ ನಿಂತ ಕಾರಿನಲ್ಲಿ ಕಾರ್ಬುರೇಟರಿನ ಪೆಟ್ರೋಲು ಆವಿಯಾಗಿ ಹೋಗಿರುತ್ತದೆ. ಅದು ಮತ್ತೆ ತುಂಬುವವರೆಗೆ ಸೆಲ್ಫ್ ಹೊಡೆಯಲೇಬೇಕು. ಕೆಲವು ಪಂಪುಗಳಲ್ಲಿ ಕೈಯಿಂದ ಒತ್ತುವ ಪುಟ್ಟ ಸನ್ನೆ ಇರುತ್ತದೆ. ಇದ್ದರೆ ಅದನ್ನು ಹತ್ತಾರು ಸಲ ಒತ್ತಿ ಬ್ಯಾಟರಿಯನ್ನು ಉಳಿಸಬಹುದು. ಇದರ ಡಯಾಫ್ರಂ ಹರಿದರೆ ಪೆಟ್ರೋಲು ಎಂಜಿನ್ನಿನ ಆಯಿಲ್ಲಿಗೆ ಸೇರುವ ಅಪಾಯವಿದೆ. ಆಯಿಲ್ ಅಳೆಯುವ ಕಡ್ಡಿಯನ್ನು ಮೂಸಿ ನೋಡಿ, ಪೆಟ್ರೋಲಿನ ವಾಸನೆ ಬಂದರೆ ಎಂಜಿನ್ನನ್ನು ತಿರುಗಿಸಲೇ ಬಾರದು. ಹೊತ್ತಿಕೊಳ್ಳದ ಕಾರಿನ ಕಾರ್ಬುರೇಟರಿಗೆ ಬಾಟಲಿಯಿಂದ ಪೆಟ್ರೋಲು ಸುರಿಯುವ ಸಾಹಸವೂ ನಮ್ಮ ಕಡೆ ಉಂಟು. ಎಂಜಿನ್ ಹಿಮ್ಮುಖವಾಗಿ ಸೀನಿದರೆ ಸುರಿಯುವವನ ಕೈಯಲ್ಲಿರುವುದು ಪಂಜು.

ನಿಜವಾದ ಏರ್‌ಲಾಕು ಇಲ್ಲವೆಂದು ನನ್ನ ಅಭಿಪ್ರಾಯವಲ್ಲ. ಪೆಟ್ರೋಲಿನ ಹಗುರವಾದ ಅಂಶಗಳು 40 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೇ ಆವಿಯಾಗತೊಡಗುತ್ತವೆ. ಏಪ್ರಿಲಿನ ಮಧ್ಯಾಹ್ನ ನಂದಿಬೆಟ್ಟದ ತಿರುವುಗಳನ್ನು ಎರಡನೆಯ ಗೇರಿನಲ್ಲಿ ಏರುವ ಹಳೆಯ ಕಾರಿನ ಪೈಪಿನಲ್ಲಿ ಪೆಟ್ರೋಲಿನ ಬದಲು ಗುಳ್ಳೆಗಳೇ ತುಂಬಿಕೊಂಡರೆ ಆಶ್ಚರ್ಯವೇನು? ಹಿಂದಿನ ಡ್ರೈವರುಗಳು ಒದ್ದೆ ಬಟ್ಟೆಯನ್ನು ಪಂಪಿಗೂ ಪೈಪಿಗೂ ಸುತ್ತಿ, ನೆರಳಲ್ಲಿ ಕೂತು ಬೀಡಿ ಸೇದಿ, ಬಳಿಕ ಹೊರಡುತ್ತಿದ್ದರು. ಬೀಡಿಯನ್ನು ದೂರದಲ್ಲಿ ಸೇದಿದರೆ ಸಾಕು, ಉಳಿದ ಚಿಕಿತ್ಸೆ ಶಾಸ್ತ್ರೀಯವಾದುದೇ.

ಇತ್ತೀಚೆಗೆ ಈ ತೊಂದರೆ ಹೆಚ್ಚಿದೆ. ಅದಕ್ಕೆ ಪೆಟ್ರೋಲೇ ಬದಲಾದದ್ದು ಒಂದು ಕಾರಣ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. 2025ರಷ್ಟರಲ್ಲಿ ಅದು ದೇಶದ ಎಲ್ಲೆಡೆಯ ಬಂಕುಗಳನ್ನು ಮುಟ್ಟಿತು. ಮದ್ಯಸಾರವನ್ನು ಮೋಟಾರಿಗೆ ಕುಡಿಸುವ ವಿಚಾರ ಹೊಸದಲ್ಲ. 1948ರಲ್ಲೇ ಅದಕ್ಕೆಂದು ಪವರ್ ಆಲ್ಕೋಹಾಲ್ ಕಾಯಿದೆ ಬಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದ್ದಿಲಿನ ಗ್ಯಾಸಿನಿಂದ ಬಸ್ಸು ಓಡಿಸಿದ ನಾಡು ನಮ್ಮದು. ಕಬ್ಬು ಬೆಳೆಯುವವನಿಗೆ ನಾಲ್ಕು ಕಾಸು ಬರುವುದಾದರೆ ನನ್ನ ವಿರೋಧವೇನೂ ಇಲ್ಲ. ಆದರೆ ಈ ಪೆಟ್ರೋಲಿನ ಸ್ವಭಾವವನ್ನು ತಿಳಿದಿರಬೇಕು. ಎಥನಾಲ್ ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಇಲ್ಲವೆ ಬಿರಿಯುವಂತೆ ಮಾಡುತ್ತದೆ. ಡಯಾಫ್ರಮ್ಮೂ ಮೆದು ಪೈಪುಗಳೂ ಮೊದಲು ಬಲಿಯಾಗುತ್ತವೆ. ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಮಡ್ಡಿಯನ್ನು ಕರಗಿಸಿ ತಂದು ಜಾಲರಿಯಲ್ಲಿ ನಿಲ್ಲಿಸುತ್ತದೆ. ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಪಂಪು ಎಳೆಯುವುದೂ ತಳದಿಂದಲೇ. ಮಳೆಗಾಲವಿಡೀ ಅರ್ಧ ಟ್ಯಾಂಕಿನೊಡನೆ ನಿಂತ ಕಾರು ದೀಪಾವಳಿಗೆ ಹೊರಡದಿದ್ದರೆ ಪಂಪನ್ನು ಬೈಯಬಾರದು.

ಆದ್ದರಿಂದ ಸಾದಲಿಯ ಕಾರಿಗೆ ಈ ಪೆಟ್ರೋಲನ್ನು ತಡೆಯಬಲ್ಲ ಹೊಸ ಪೈಪುಗಳನ್ನು ಹಾಕಿಸಿದೆವು. ಪಂಪಿಗೆ ಮೊದಲು ಒಂದು ಫಿಲ್ಟರು ಕೂಡಿಸಿದೆವು. ಎಥನಾಲಿಗೆ ಗಾಳಿ ಕಡಿಮೆ ಸಾಕು, ಅಂದರೆ ಪೆಟ್ರೋಲಿನ ಪಾಲು ಹೆಚ್ಚಬೇಕು; ಭಾಯಿ ಜೆಟ್ಟಿನ ನಟ್ಟನ್ನು ಒಂದು ಮುಖದಷ್ಟು ಕೆಳಕ್ಕೆ ತಿರುಗಿಸಿ, ಎಂಜಿನ್ನಿನ ದನಿ ಕೇಳಿ, ಇನ್ನೊಂದು ಮುಖ ತಿರುಗಿಸಿದರು. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಬೇಕು, ನಿಂತಲ್ಲೇ ಗುರುಗುಟ್ಟಿಸುವುದು ಪ್ರಯೋಜನವಿಲ್ಲ ಎಂಬುದು ಅವರ ಕಟ್ಟಪ್ಪಣೆ. ಗುಡಿಗೆ ಹೋಗಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಭಾಯಿಯಂಥವರು ನಮ್ಮ ಸಣ್ಣ ಊರುಗಳಲ್ಲಿ ಹೇಗೆ ಬೆಳೆದರೆಂಬುದಕ್ಕೂ ಒಂದು ಇತಿಹಾಸವಿದೆ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಭಾರತಕ್ಕೊಂದು ಮೋಟಾರು ಕಾರ್ಖಾನೆ ಬೇಕೆಂದು ಯೋಜನೆ ಸಿದ್ಧಪಡಿಸಿ ವಾಲಚಂದ್ ಹೀರಾಚಂದರೊಡನೆ ಶ್ರಮಿಸಿದರು. ಅಂದಿನ ಬ್ರಿಟಿಷ್ ಸರಕಾರದ ಬೆಂಬಲ ಸಿಗಲಿಲ್ಲ. ವಾಲಚಂದರ ಪ್ರೀಮಿಯರ್ ಕಾರ್ಖಾನೆ ಸ್ಥಾಪನೆಯಾದದ್ದು 1944ರಲ್ಲಿ, ಮುಂಬಯಿಯಲ್ಲಿ. ಸ್ವಾತಂತ್ರ್ಯದ ಬಳಿಕ ಆಮದಿನ ಮೇಲೆ ಕಟ್ಟುನಿಟ್ಟು ಬಂದಾಗ ವಿಲಾಯಿತಿ ಕಾರುಗಳ ಸಾಮಾನು ದುರ್ಲಭವಾಯಿತು. ಸಿಗದ ಸಾಮಾನನ್ನು ಬದಲಾಯಿಸುವುದೆಂತು? ಇದ್ದುದನ್ನೇ ಉಜ್ಜಿ, ತಿದ್ದಿ, ಅದರ ದನಿಯನ್ನು ಗುರುತು ಹಿಡಿದು ನಡೆಸಬೇಕಾಯಿತು. ಅಭಾವ ಕಲಿಸಿದ ಆ ವಿದ್ಯೆ ಬರಹಕ್ಕೆ ಇಳಿಯಲಿಲ್ಲ. ಈಗ ಸಾಮಾನು ಅಂಚೆಯಲ್ಲಿ ಮನೆಬಾಗಿಲಿಗೆ ಬರುತ್ತದೆ. ಯಾವುದನ್ನು ತರಿಸಬೇಕೆಂದು ಹೇಳುವವರು ವಿರಳ. 50 ವರ್ಷ ದಾಟಿದ ಗಾಡಿಗಳಿಗೆ 2021ರ ನಿಯಮಗಳು ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯ ಅವಕಾಶ ಕೊಟ್ಟಿವೆ. ಗಾಡಿಗೆ ಮಾನ್ಯತೆ ಬಂತು, ಸಂತೋಷ. ಅದನ್ನು ಬಲ್ಲವರ ಹೆಸರು ಬರೆದಿಡುವ ರಿಜಿಸ್ಟರನ್ನು ನಾನು ಕಂಡಿಲ್ಲ.

ವೈದ್ಯರ ಕಾಲದ ಮೂಲ ಪಂಪು ಈಗ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಕುಳಿತಿದೆ. ಅದರ ಪಾಯಿಂಟನ್ನು ಶುಚಿಮಾಡಿ ಮತ್ತೆ ಕೂರಿಸಬಹುದು ಎಂದು ಭಾಯಿ ಹೇಳಿದ್ದಾರೆ. ಅಂಥ ಪಂಪಿನೊಳಗೆ ಪೊರೆಯನ್ನು ನಡುವೆ ಹಿಡಿದು ನಿಲ್ಲಿಸಲು 11 ಪುಟ್ಟ ಹಿತ್ತಾಳೆಯ ರೋಲರುಗಳಿರುತ್ತವೆ. ಮಿತ್ರರು ಡಬ್ಬಿಯನ್ನು ಬೋರಲು ಹಾಕಿ ಎಣಿಸಿದರು, ಹತ್ತು ಸಿಕ್ಕವು. ಹನ್ನೊಂದನೆಯದಕ್ಕಾಗಿ ಹುಳು ಸಾಕುವ ಮನೆಯ ಪಕ್ಕದ ಕೊಟ್ಟಿಗೆಯನ್ನು ಗುಡಿಸುತ್ತಿದ್ದೇವೆಂದು ಮೊನ್ನೆ ಫೋನಿನಲ್ಲಿ ತಿಳಿಸಿದರು.